ಲಾಕ್‌ಡೌನ್ ಕಾಲದಲ್ಲಿ ಮಕ್ಕಳೊಂದಿಗೆ ಮನೆಯಲ್ಲಿ: ಕೊಡಗಿನ ಕುಟುಂಬಗಳಿಗೊಂದು ಮಾರ್ಗದರ್ಶಿ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಕಾಲವಾಗಿತ್ತು. ಶಾಲೆಗಳು ಅದಕ್ಕೂ ಕೆಲವು ದಿನ ಮೊದಲೇ ಬಾಗಿಲು ಹಾಕಿದ್ದವು. ಆಗ ಒಂದನೆಯ ತರಗತಿಯಲ್ಲಿದ್ದ ಮಗುವಿಗೆ ಮತ್ತೆ ನಿಯಮಿತವಾಗಿ ತರಗತಿಯ ಕೋಣೆ ಸಿಕ್ಕಿದ್ದು 2021ರ ಅಕ್ಟೋಬರ್ 25ರ ನಂತರ, ಅದೂ ಮೂರನೆಯ ತರಗತಿಯಲ್ಲಿ. ನಡುವೆ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಬಂದು ಪಾಠ ಮಾಡುವ ವಿದ್ಯಾಗಮದಂಥ ಪ್ರಯತ್ನಗಳು ನಡೆದು, ನಿಂತು, ಮತ್ತೆ ನಡೆದವು. ಅಷ್ಟೂ ಕಾಲ ಮಗುವಿನ ಹಗಲುಗಳನ್ನು ತುಂಬಿಸಿದ್ದು ಮನೆಯೇ.

ಇಂಥ ದಿನಗಳು ಸಾಂಕ್ರಾಮಿಕ ರೋಗದಿಂದಲೇ ಬರಬೇಕೆಂದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುವುದು ನಮಗೆ ರೂಢಿಯಾಗಿದೆ, 2018 ಮತ್ತು 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪ್ರವಾಹ ಬಂದಾಗ ಎಷ್ಟೋ ಮಕ್ಕಳು ವಾರಗಟ್ಟಲೆ ಶಾಲೆಯಿಂದ ದೂರ ಉಳಿದರು. ಆದ್ದರಿಂದ ಈ ಮಾರ್ಗದರ್ಶಿಯನ್ನು ಲಾಕ್‌ಡೌನ್ ಅನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಮಳೆಯ ರಜೆಗೂ ಇದರ ಬಹುಪಾಲು ಹೊಂದುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಾಲೆಯ ವೇಳಾಪಟ್ಟಿಯನ್ನು ಹಾಗೆಯೇ ತಂದು ಜಗಲಿಯ ಗೋಡೆಗೆ ಅಂಟಿಸಿದ ಮನೆಗಳಲ್ಲಿ ಅದು ಒಂದು ವಾರ ಬಾಳುವುದೂ ಕಷ್ಟ. ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ ಮಕ್ಕಳ ದಿನವನ್ನು ಜೋಡಿಸಿದಲ್ಲಿ ಹಿರಿಯರಿಗೂ ಮಕ್ಕಳಿಗೂ ಉಸಿರಾಡಲು ಅವಕಾಶ ಸಿಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

ಹೆಜ್ಜೆ 1: ಮೊದಲು ಹಿರಿಯರು ಮಾತನಾಡಿಕೊಳ್ಳಿ, ಆಮೇಲೆ ಮಕ್ಕಳಿಗೆ ಹೇಳಿ

ಮನೆಯ ಹಿರಿಯರೆಲ್ಲ ಒಂದು ಸಂಜೆ ಕುಳಿತು ಮೂರು ವಿಷಯಗಳನ್ನು ತೀರ್ಮಾನಿಸಬೇಕು: ಸಾಮಾನು ತರಲು ಹೊರಗೆ ಹೋಗುವವರು ಯಾರು, ಹಗಲಿನ ಯಾವ ಹೊತ್ತಿನಲ್ಲಿ ಮಕ್ಕಳ ಜೊತೆ ಯಾರಿರುತ್ತಾರೆ, ಮತ್ತು ಮನೆಯಲ್ಲಿರುವ ಮೊಬೈಲ್ ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ. ಇವನ್ನು ತೀರ್ಮಾನಿಸದೆ ಬಿಟ್ಟರೆ ಮೂರೂ ಹೊರೆಗಳು ತಾವಾಗಿಯೇ ತಾಯಿಯ ತಲೆಗೆ ಬೀಳುತ್ತವೆ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ತಂದೆ ಬಾಗಿಲು ಹಾಕಿಕೊಂಡು ಕುಳಿತರೆ ಅದು ಕೆಲಸವೆನಿಸುತ್ತದೆ, ಅದೇ ಕೆಲಸವನ್ನು ತಾಯಿ ಅಡುಗೆಮನೆಯ ಮೇಜಿನ ಮೇಲೆ ಮಾಡಿದರೆ ಮಕ್ಕಳು ಅದನ್ನು ಬಿಡುವು ಎಂದುಕೊಳ್ಳುತ್ತಾರೆ. ಮಕ್ಕಳ ಈ ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾದವರು ಹಿರಿಯರೇ.

ಅನಂತರ ಮಕ್ಕಳನ್ನು ಕೂರಿಸಿಕೊಂಡು ಏನಾಗಿದೆ, ಏಕೆ ಹೊರಗೆ ಹೋಗುವಂತಿಲ್ಲ ಎಂಬುದನ್ನು ಅವರವರ ವಯಸ್ಸಿಗೆ ತಕ್ಕಂತೆ ನಿಜವಾಗಿಯೇ ಹೇಳಿ. “ಅಜ್ಜಿಗೂ ಆ ಕಾಯಿಲೆ ಬರುತ್ತದಾ?” ಎಂದು ಆರು ವರ್ಷದ ಮಗು ಕೇಳಿದಾಗ “ಬಿಡ್ತು ಅನ್ನು, ಹಾಗೆಲ್ಲ ಮಾತಾಡಬಾರದು” ಎಂದು ಬಾಯಿ ಮುಚ್ಚಿಸುವುದು ನಮ್ಮ ಮನೆಗಳ ಅಭ್ಯಾಸ. ಹಾಗೆ ಮಾಡಿದರೆ ಪ್ರಶ್ನೆ ಹೋಗುವುದಿಲ್ಲ, ರಾತ್ರಿ ಮಲಗಿದ ಮೇಲೆ ಮಗುವಿನ ಮನಸ್ಸಿನಲ್ಲಿ ಅದು ದೊಡ್ಡದಾಗುತ್ತದೆ. “ಬರಬಹುದು ಮಗಾ. ಅದಕ್ಕೇ ಅಪ್ಪ ಪೇಟೆಯಿಂದ ಬಂದವರು ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿಯೇ ಅಜ್ಜಿಯ ಹತ್ತಿರ ಹೋಗುವುದು. ಜ್ವರ ಬಂದರೆ ಕೂಡಲೇ ಡಾಕ್ಟರಿಗೆ ತೋರಿಸುತ್ತೇವೆ” ಎಂದರೆ ಮಗುವಿಗೆ ಉತ್ತರವೂ ಸಿಕ್ಕಿತು, ತಾನು ಮಾಡಬಹುದಾದ ಕೆಲಸವೂ ಸಿಕ್ಕಿತು.

“ಯಾವಾಗ ಮುಗಿಯುತ್ತದೆ?” ಎಂಬ ಪ್ರಶ್ನೆಗೆ ಮಾತ್ರ ದಿನಾಂಕ ಕೊಡಬೇಡಿ. 2020ರಲ್ಲಿ 21 ದಿನಗಳೆಂದು ಆರಂಭವಾದದ್ದು ಏಪ್ರಿಲ್ 14ರಿಂದ ಮೇ 3ಕ್ಕೆ, ಅಲ್ಲಿಂದ 17ಕ್ಕೆ, ಅಲ್ಲಿಂದ 31ಕ್ಕೆ ಮುಂದೆ ಹೋಯಿತು. ಏಪ್ರಿಲ್ ಕೊನೆಯ ಹುಟ್ಟುಹಬ್ಬಕ್ಕೆ ಗೆಳೆಯರನ್ನು ಕರೆಯೋಣವೆಂದು ಮಾತು ಕೊಟ್ಟಿದ್ದ ಮನೆಗಳಲ್ಲಿ ಅತ್ತವರು ಮಕ್ಕಳು. ಸುದ್ದಿಯನ್ನು ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ ಕೇಳಿದರೆ ಸಾಕು. ಈ ವಿಷಯದಲ್ಲಿ ಟಿ.ವಿ.ಗಿಂತ ಮಡಿಕೇರಿ ಆಕಾಶವಾಣಿ ಮೇಲು, ಏಕೆಂದರೆ ರೇಡಿಯೊದಲ್ಲಿ ಸುದ್ದಿ ಇರುತ್ತದೆ, ಹೆದರಿಸುವ ದೃಶ್ಯಗಳು ಇರುವುದಿಲ್ಲ.

ಹೆಜ್ಜೆ 2: ಮನೆ ಮತ್ತು ತೋಟವನ್ನು ಅಪಾಯದ ದೃಷ್ಟಿಯಿಂದ ಒಮ್ಮೆ ಸುತ್ತಿ ನೋಡಿ

ಪಟ್ಟಣದ ಮಾರ್ಗದರ್ಶಿಗಳಲ್ಲಿ ಈ ಹೆಜ್ಜೆ ಪ್ಲಗ್ ಪಾಯಿಂಟು, ಫಿನಾಯಿಲ್ ಬಾಟಲಿಗಳಿಗೆ ಮುಗಿಯುತ್ತದೆ. ಕೊಡಗಿನಲ್ಲಿ ಮನೆಯೆಂದರೆ ತೋಟವೂ ಸೇರಿದ್ದು. ವರ್ಷದ ಬಹುಪಾಲು ಹಗಲು ಶಾಲೆಯಲ್ಲಿರುತ್ತಿದ್ದ ಮಕ್ಕಳು ಈಗ ಇಡೀ ದಿನ ಅದರಲ್ಲಿ ಓಡಾಡುತ್ತಾರೆ. ಹೀಗಾಗಿ ಮೊದಲ ಎರಡು ದಿನಗಳೊಳಗೆ ಈ ಕೆಲಸವನ್ನು ಮುಗಿಸಬೇಕು.

ಮೊದಲು ನೀರು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್‌ಗೆಂದು ತುಂಬಿಸಿಕೊಂಡ ಕೆರೆ, ಹೊಂಡಗಳು ತೋಟಗಳಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಅದರ ಇಳಿಜಾರಿನಲ್ಲಿ ಪಾಚಿ ಕಟ್ಟಿ ಜಾರುವುದರಿಂದ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಹಾಕಿಸಿ. ಅದು ಆಗುವವರೆಗೆ ಗಟ್ಟಿ ಹಗ್ಗಗಳನ್ನು ಗಂಟು ಹಾಕಿ ದಡದ ಗೂಟಕ್ಕೆ ಕಟ್ಟಿ, ನಾಲ್ಕೂ ಬದಿಗಳಲ್ಲಿ ನೀರಿನೊಳಕ್ಕೆ ಇಳಿಬಿಡಿ. ಬಾವಿಗೆ ಕಬ್ಬಿಣದ ಜಾಲರಿ ಇರಲಿ. ಹಿರಿಯರಿಲ್ಲದೆ ನೀರಿನ ಹತ್ತಿರ ಹೋಗಬಾರದು ಎಂಬ ನಿಯಮಕ್ಕೆ ಯಾವ ವಯಸ್ಸಿನ ಮಗುವಿಗೂ ವಿನಾಯಿತಿ ಬೇಡ.

ಎರಡನೆಯದು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರ ಕಾಯ್ದೆಯಡಿ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಇಲ್ಲಿನ ಅನೇಕ ಮನೆಗಳಲ್ಲಿ ಕೋವಿ ಇದೆ. ಶಾಲೆ ಇರುವ ದಿನಗಳಲ್ಲಿ ಅದು ಗೋಡೆಯ ಮೊಳೆಯಲ್ಲೋ ಬೀರುವಿನ ಮೇಲೋ ಇದ್ದರೂ ಮಕ್ಕಳ ಕೈಗೆ ಬೇಸರದ ಹೊತ್ತು ಅಷ್ಟಾಗಿ ಸಿಗುತ್ತಿರಲಿಲ್ಲ, ಈಗ ಬೇಸರದ ಹೊತ್ತೇ ಹೆಚ್ಚು. ಕೋವಿಯನ್ನು ಖಾಲಿ ಮಾಡಿ ಬೀಗದೊಳಗೆ ಇಡಬೇಕು, ತೋಟಾಗಳನ್ನು (ಗುಂಡುಗಳನ್ನು) ಬೇರೆ ಕಡೆ, ಬೇರೆ ಬೀಗದೊಳಗೆ ಇಡಬೇಕು. ಎರಡೂ ಬೀಗದ ಕೈಗಳು ಮಕ್ಕಳಿಗೆ ಗೊತ್ತಿರುವ ಜಾಗದಲ್ಲಿರಬಾರದು. ಕೈಲ್ ಮುಹೂರ್ತದ ಪೂಜೆಗೆ ಹೊರತೆಗೆದಾಗಲೂ ಮೊದಲು ಹಿರಿಯರು ಬಿಚ್ಚಿ ನೋಡಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಸ್ಟೋರಿನಲ್ಲಿರುವ ವಿಷಗಳು. ಮಳೆಗಾಲಕ್ಕೆ ಮೊದಲು ಬೋರ್ಡೊ ದ್ರಾವಣ ಸಿಂಪಡಿಸುವ ಸಮಯದಲ್ಲಿ ಮೈಲುತುತ್ತ ಮತ್ತು ಸುಣ್ಣ ಮನೆಗೆ ಬಂದಿರುತ್ತವೆ. ನೀಲಿ ಹರಳುಗಳು ಸಣ್ಣ ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಷ್ಟೇ ಚಂದ. ಕಳೆನಾಶಕವನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ಸುರಿದಿಡುವ ಕೆಟ್ಟ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ತೋಕ್‌ಪೂವನ್ನು (ಅಗ್ನಿಶಿಖೆ, ಗೌರಿ ಹೂ) ಮಕ್ಕಳಿಗೆ ತೋರಿಸಿ, ಅದರ ಗೆಡ್ಡೆ ಸೇರಿದಂತೆ ಇಡೀ ಗಿಡವೇ ವಿಷವೆಂದು ತಿಳಿಸಿ. ತೋಟದಲ್ಲಿ ಸಿಕ್ಕ ಅಣಬೆಯನ್ನು ಹಿರಿಯರಿಗೆ ತೋರಿಸದೆ ಯಾರೂ ಒಲೆಗೆ ಇಡಬಾರದು.

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಬೆಂಗಳೂರಿನಿಂದ ಊರಿಗೆ ಬಂದ ಮೊಮ್ಮಕ್ಕಳಿಗೆ ಖಂಡಿತ ಹೇಳಬೇಕು. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಆನೆಗಳು ತೋಟದೊಳಗೇ ಬೀಡುಬಿಡುವುದುಂಟು. ಬೆಳಕು ಹರಿದು ತೋಟದ ಆಳುಗಳು ಓಡಾಡಿದ ಮೇಲೆಯೇ ಮಕ್ಕಳು ಅಂಗಳ ದಾಟಲಿ, ಸಂಜೆ ಕತ್ತಲೆಗೆ ಮೊದಲೇ ಒಳಗಿರಲಿ. ಮನೆಯ ಪಕ್ಕದ ಹಲಸಿನ ಮರದ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಿ. ಎಳೆಯ ಕಾಯಿಗೆ ಅಡುಗೆಮನೆಯಲ್ಲಿ ಕೆಲಸವಿದೆ.

ಹೆಜ್ಜೆ 3: ಮೂರು ಹೊತ್ತುಗಳನ್ನು ಗಟ್ಟಿ ಮಾಡಿ, ಉಳಿದದ್ದನ್ನು ಸಡಿಲ ಬಿಡಿ

ಏಳುವ ಹೊತ್ತು, ಮಧ್ಯಾಹ್ನದ ಊಟದ ಹೊತ್ತು, ರಾತ್ರಿ ಮಲಗುವ ಹೊತ್ತು – ಈ ಮೂರು ದಿನವೂ ಬದಲಾಗದಿರಲಿ. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗಿನ ಅವಧಿಯಲ್ಲಿ ಪಾಠ ಮತ್ತು ಮನೆಗೆಲಸ, ಊಟದ ನಂತರ ಸದ್ದಿಲ್ಲದ ಒಂದು ಗಂಟೆ, ಆಮೇಲೆ ಆಟ. ಸದ್ದಿಲ್ಲದ ಗಂಟೆಯಲ್ಲಿ ಮಗು ನಿದ್ದೆ ಮಾಡಲಿ, ಚಿತ್ರ ಬರೆಯಲಿ, ಸುಮ್ಮನೆ ಕಿಟಕಿಯ ಹತ್ತಿರ ಕುಳಿತಿರಲಿ, ಆದರೆ ಯಾರನ್ನೂ ಕರೆಯಬಾರದು. ಈ ಒಂದು ಗಂಟೆ ಇರುವುದು ಹಿರಿಯರಿಗಾಗಿ ಎಂಬುದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬಹುದು.

ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ, ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಐದು ವರ್ಷ ಮೇಲ್ಪಟ್ಟ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗಳವಿರುವ ಮನೆಗಳಲ್ಲಿ ಇದು ಕಷ್ಟವಲ್ಲ. ಮಡಿಕೇರಿ, ಕುಶಾಲನಗರದ ಬಾಡಿಗೆ ಮನೆಗಳಲ್ಲಿ ಇರುವವರು ತಾರಸಿ, ಮೆಟ್ಟಿಲು, ಹಗ್ಗದಾಟಗಳನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ತಾರಸಿಗೆ ಮಾತ್ರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ಹೆಜ್ಜೆ 4: ಮನೆಯ ನಿಜವಾದ ಕೆಲಸದಲ್ಲಿ ಮಕ್ಕಳಿಗೆ ಪಾಲು ಕೊಡಿ

ಮಕ್ಕಳಿಗೆ “ಏನಾದರೂ ಮಾಡಿಸುವುದು” ಬೇರೆ, ಮಾಡದಿದ್ದರೆ ಮನೆಯ ಕೆಲಸ ನಿಲ್ಲುತ್ತದೆ ಎನ್ನುವಂಥ ಹೊಣೆ ಕೊಡುವುದು ಬೇರೆ. ಎರಡನೆಯದನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ, ಅದಕ್ಕೆ ಬೇಸರಪಡುವುದೂ ಕಡಿಮೆ. ಕೊಡಗಿನಲ್ಲಿ ಇದಕ್ಕೆ ಹೇಳಿಮಾಡಿಸಿದ ಕೆಲಸವೊಂದಿದೆ: ಮಳೆಯ ಲೆಕ್ಕ.

ಬೆಳೆಗಾರರ ಎಷ್ಟೋ ಮನೆಗಳಲ್ಲಿ ಮಳೆಮಾಪಕವೂ ಅದರ ಪುಸ್ತಕವೂ ಇರುತ್ತವೆ. ಆ ಪುಸ್ತಕವನ್ನು ಒಂಬತ್ತು, ಹತ್ತು ವರ್ಷ ದಾಟಿದ ಮಗುವಿಗೆ ಒಪ್ಪಿಸಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ನೀವೂ ಅದೇ ಹೊತ್ತನ್ನು ಇಟ್ಟುಕೊಳ್ಳಬಹುದು. ಮಾಪಕವಿಲ್ಲದವರು ನೇರ ಗೋಡೆಯ, ತಳ ಮತ್ತು ಬಾಯಿ ಒಂದೇ ಅಗಲವಿರುವ ಡಬ್ಬವೊಂದನ್ನು ಬಯಲಿನಲ್ಲಿ ಸಮತಟ್ಟಾಗಿ ಇಟ್ಟು, ಒಳಗೆ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಸಾಕು. ಅಗಲವಾದ ಬಾಯಿಯ ಬೋಗುಣಿ ತಪ್ಪು ಲೆಕ್ಕ ಕೊಡುತ್ತದೆ. ಅದು ಏಕೆ ತಪ್ಪು ಎಂದು ಮಗುವೇ ಯೋಚಿಸಿ ಹೇಳಲಿ. ಮರದ ಹನಿ ಬೀಳದಂತೆ, ಮರದ ಎತ್ತರದ ಎರಡರಷ್ಟು ದೂರದಲ್ಲಿ ಡಬ್ಬ ಇರಬೇಕು. ನಮ್ಮ ತೋಟಗಳಲ್ಲಿ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ನಡೆಯುತ್ತದೆ, ನೂರು ಸೆಂಟಿಗೆ ಒಂದು ಇಂಚು. ಪತ್ರಿಕೆ ಮಿಲಿಮೀಟರಿನಲ್ಲಿ ಕೊಡುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಹೇಳಿಕೊಟ್ಟರೆ ದಶಮಾಂಶದ ಅಭ್ಯಾಸ ದಿನವೂ ತಾನಾಗಿ ಆಗುತ್ತದೆ. ಲಾಕ್‌ಡೌನ್ ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಇನ್ನೊಂದು ಲೆಕ್ಕವೂ ಇದೆ: ಹೂಮಳೆ ಬಿದ್ದ ದಿನದಿಂದ ಕಾಫಿ ಹೂ ಬಿರಿಯಲು ಎಷ್ಟು ದಿನ ಬೇಕಾಯಿತು ಎಂದು ಎಣಿಸುವುದು. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳೊಳಗೆ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ, ಅರೇಬಿಕಾ ಎರಡೂ ಇರುವ ತೋಟದಲ್ಲಿ ಯಾವುದು ಮೊದಲು ಅರಳಿತೆಂದು ಮಗು ಬರೆದಿಡಲಿ. ಅಜ್ಜನ ಹಳೆಯ ಮಳೆ ಪುಸ್ತಕ ಮನೆಯಲ್ಲಿದ್ದರೆ ಅದನ್ನೂ ಪಕ್ಕದಲ್ಲಿ ತೆರೆದಿಡಿ. ಒಂದೇ ತಿಂಗಳ ಎರಡು ಕಾಲದ ಅಂಕಿಗಳನ್ನು ಹೋಲಿಸುವ ಆಸಕ್ತಿ ಯಾವ ಪಠ್ಯಪುಸ್ತಕದಿಂದಲೂ ಅಷ್ಟು ಬೇಗ ಹುಟ್ಟುವುದಿಲ್ಲ.

ಅಡುಗೆಮನೆಯಲ್ಲಿ ಚಿಕ್ಕವರಿಗೂ ಜಾಗವಿದೆ. ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕಡಂಬುಟ್ಟಿನಿಂದ ಆರಂಭಿಸುವುದು ಸುಲಭ. ಒಂದು ಲೋಟ ಅಕ್ಕಿ ತರಿಗೆ ಎರಡರಿಂದ ಎರಡೂವರೆ ಲೋಟ ನೀರನ್ನು ಮಗುವೇ ಅಳೆದು ಕೊಡಲಿ, ಕುದಿಯುವ ನೀರಿಗೆ ಉಪ್ಪು ಹಾಕಿ ತರಿ ಸುರಿದು ಗಂಟಾಗದಂತೆ ಕೈಯಾಡಿಸುವುದು ಹಿರಿಯರ ಕೆಲಸ. ನೀರು ಇಂಗಿ ಗಟ್ಟಿಯಾದ ಹಿಟ್ಟನ್ನು ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಗೆ ಇಳಿದ ಮೇಲೆ ಮಗುವಿನ ಮುಂದಿಡಿ. ತಣ್ಣೀರಿನಲ್ಲಿ ಅಂಗೈ ಅದ್ದಿಕೊಂಡು ಉಂಡೆ ಕಟ್ಟಿದರೆ ಅಂಟುವುದಿಲ್ಲ, ಉಂಡೆಯ ಮೇಲೆ ಬಿರುಕು ಕಂಡರೆ ಇನ್ನೊಂದಿಷ್ಟು ನೀರು ಮುಟ್ಟಿಸಿ ಉರುಳಿಸಬೇಕು. ಮನೆಯಲ್ಲಿ ಏಳು ಮಂದಿ, ತಲೆಗೆ ನಾಲ್ಕರಂತೆ ಎಷ್ಟು ಉಂಡೆ ಬೇಕೆಂದು ಮಗು ಲೆಕ್ಕ ಹಾಕಲಿ. ಹಬೆಯಲ್ಲಿ ಹದಿನೈದು, ಇಪ್ಪತ್ತು ನಿಮಿಷ ಬೇಯಿಸುವ ಕೆಲಸವನ್ನು ಮತ್ತೆ ಹಿರಿಯರೇ ತೆಗೆದುಕೊಳ್ಳಬೇಕು, ಏಕೆಂದರೆ ಹಬೆಯ ಸುಟ್ಟಗಾಯ ಬೆಂಕಿಯ ಗಾಯಕ್ಕಿಂತ ಕಡಿಮೆಯೇನಲ್ಲ. ಉಂಡೆಗಳು ಒಂದೇ ಗಾತ್ರ ಇರದಿದ್ದರೂ ತಟ್ಟೆಗೆ ಬಡಿಸಿ, ಗಂಡುಮಕ್ಕಳನ್ನೂ ಇದಕ್ಕೆ ಕೂರಿಸಿ.

ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮನೆಯಲ್ಲಿದ್ದರೆ ಹದಿನೆಂಟನೆಯ ದಿನದ ಮದ್ದು ಸೊಪ್ಪಿನ ಪಾಯಸವೇ ಒಂದು ಪಾಠ. ಹಸಿರು ಸೊಪ್ಪು ಬೆಂದಾಗ ನೀರು ನೇರಳೆಯಾಗುವುದನ್ನು ಮಕ್ಕಳು ನೋಡಲಿ. ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆಂದು ಮುಂಚೆಯೇ ತಿಳಿಸಿಡಿ, ಇಲ್ಲದಿದ್ದರೆ ಬೆಳಗಾಗುತ್ತಲೇ ಗಾಬರಿಯ ಕೂಗು ಕೇಳುತ್ತದೆ.

ಹೆಜ್ಜೆ 5: ನೆಟ್‌ವರ್ಕ್ ಇಲ್ಲವೆಂಬುದನ್ನು ಒಪ್ಪಿಕೊಂಡು ಓದಿನ ವ್ಯವಸ್ಥೆ ಮಾಡಿ

ಗುಡ್ಡದ ತುದಿಗೋ ರಸ್ತೆಯ ತಿರುವಿಗೋ ಹೋದರೆ ಮಾತ್ರ ಸಿಗ್ನಲ್ ಸಿಗುವ ಊರುಗಳು ನಮ್ಮಲ್ಲಿ ಬಹಳ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಟವರೂ ಮಲಗುತ್ತದೆ. ಮಕ್ಕಳನ್ನು ಮೊಬೈಲ್ ಹಿಡಿಸಿ ಮಳೆಯಲ್ಲಿ ಗುಡ್ಡ ಹತ್ತಿಸುವುದಕ್ಕಿಂತ ಶಿಕ್ಷಕರೊಡನೆ ಮೊದಲ ವಾರದಲ್ಲೇ ಮಾತನಾಡಿ, ನೇರ ತರಗತಿಗೆ ಬರಲಾಗದು, ಪಾಠದ ಧ್ವನಿಮುದ್ರಣವನ್ನೂ ಅಭ್ಯಾಸದ ಪ್ರಶ್ನೆಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಡಿ ಎಂದು ಕೇಳುವುದು ಮೇಲು. ಧ್ವನಿಮುದ್ರಣದ ಕಡತ ವಿಡಿಯೊಗಿಂತ ತುಂಬ ಚಿಕ್ಕದು, ದುರ್ಬಲ ಸಿಗ್ನಲ್‌ನಲ್ಲೂ ಇಳಿಯುತ್ತದೆ. ಹಾಲಿಗೋ ಸಾಮಾನಿಗೋ ಪೇಟೆಗೆ ಹೋಗುವವರು ಅಲ್ಲಿಯೇ ಎಲ್ಲ ಕಡತಗಳನ್ನು ಇಳಿಸಿಕೊಂಡು ಬರಲಿ, ಬರೆದ ಉತ್ತರಗಳ ಫೋಟೊಗಳೂ ಅದೇ ಹೊತ್ತಿನಲ್ಲಿ ಹೋಗಲಿ. ಮನೆಗೆ ಒಂದೇ ಫೋನ್, ಓದುವವರು ಮೂವರು ಎಂದಾದರೆ ಪರೀಕ್ಷೆ ಹತ್ತಿರವಿರುವವರಿಗೆ ಮೊದಲ ಸರದಿ, ಅತಿ ಚಿಕ್ಕವರಿಗೆ ಕೊನೆಯದು.

ಪರದೆಯ ಮುಂದೆ ಎಷ್ಟು ಹೊತ್ತು ಎಂಬುದಕ್ಕೆ ಅಳತೆಯಿದೆ. ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2020ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶಾಲಾಪೂರ್ವ ಮಕ್ಕಳಿಗೆ ಪೋಷಕರ ಜೊತೆಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಬೇಡ, ಒಂದರಿಂದ ಎಂಟನೆಯ ತರಗತಿಯವರಿಗೆ 30ರಿಂದ 45 ನಿಮಿಷಗಳ ಎರಡು ಅವಧಿ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ಅಂಥ ನಾಲ್ಕು ಅವಧಿ ಮೀರಬಾರದು. ಶಾಲೆಯವರು ಇದಕ್ಕಿಂತ ಹೆಚ್ಚು ಕೇಳಿದರೆ ಪೋಷಕರು ಗುಂಪಾಗಿ, ಮರ್ಯಾದೆಯಿಂದ ಪ್ರಶ್ನಿಸಬಹುದು. ಫೋನೇ ಇಲ್ಲದ ಮನೆಗಳಿಗೆ ಟಿ.ವಿ. ಇದ್ದರೆ ಸಾಕಷ್ಟು ಉಪಯೋಗವಿದೆ. ಪ್ರೌಢಶಾಲೆಯ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ 2020ರ ಜುಲೈನಿಂದ “ಸಂವೇದ” ಪಾಠಗಳು ಬಂದವು.

ಇಷ್ಟೆಲ್ಲದರ ನಡುವೆ ಮರೆಯಬಾರದ ಕೆಲಸ ಗಟ್ಟಿಯಾಗಿ ಓದುವುದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ಆಗತಾನೆ ಕೂಡಿಸಿಕೊಳ್ಳುತ್ತಿರುತ್ತಾರೆ, ಕೆಲವೇ ತಿಂಗಳು ಬಿಟ್ಟರೆ ಒತ್ತಕ್ಷರಗಳು ಕೈತಪ್ಪುತ್ತವೆ. ದಿನಕ್ಕೆ ಹದಿನೈದು ನಿಮಿಷ ಮಗು ಓದಬೇಕು, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಕೇಳಬೇಕು. ಓದುವುದಕ್ಕೆ ಪಠ್ಯವೇ ಬೇಕೆಂದಿಲ್ಲ, ಬಂದ ದಿನದ “ಶಕ್ತಿ” ಪತ್ರಿಕೆ, ಗೊಬ್ಬರದ ಚೀಲದ ಮೇಲಿನ ಬರಹ, ಮದುವೆಯ ಹಳೆಯ ಕರೆಯೋಲೆ, ಏನಾದರೂ ಸರಿ. ಓದು ಬಾರದ ಅಜ್ಜಿಯೂ ಕೇಳಬಹುದು. ತಪ್ಪು ಹುಡುಕದ ಕೇಳುಗರು ಸಿಕ್ಕರೆ ಮಕ್ಕಳು ಹೆಚ್ಚು ಓದುತ್ತಾರೆ.

ಹೆಜ್ಜೆ 6: ಲೈನ್ ಮನೆಯ ಮಕ್ಕಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ

ತೋಟದ ಕೆಲಸ ಲಾಕ್‌ಡೌನಿನಲ್ಲಿ ಪೂರ್ತಿ ನಿಲ್ಲುವುದಿಲ್ಲ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ತೋಟದ ಕಾರ್ಮಿಕರ ಒಂದೇ ಕೋಣೆಯ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಉಳಿಯುವವರು ಮಕ್ಕಳು. ಶಾಲೆ, ಅಂಗನವಾಡಿ, ಆಶ್ರಮ ಶಾಲೆಗಳು ಮುಚ್ಚಿದಾಗ ಅತಿ ಹೆಚ್ಚು ಕಳೆದುಕೊಂಡವರು ಇವರು ಮತ್ತು ಹಾಡಿಗಳ (ಆದಿವಾಸಿಗಳ ವಸತಿಗಳ) ಜೇನುಕುರುಬ, ಎರವ ಮಕ್ಕಳು. ಮನೆಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ ಇರುವ ಮಗುವಿಗೆ ಕನ್ನಡ ಕಿವಿಗೆ ಬೀಳುವ ಜಾಗವೇ ಶಾಲೆ.

ತೋಟದ ಮಾಲೀಕರು ಮಾಡಬಹುದಾದದ್ದು ದೊಡ್ಡ ಖರ್ಚಿನದೇನಲ್ಲ. ಕೊಯ್ಲು ಮುಗಿದ ಮೇಲೆ ಖಾಲಿಯಾಗಿರುವ ಕಾಫಿ ಕಣದ ಒಂದು ಮೂಲೆಯಲ್ಲಿ ನೆರಳು ಮಾಡಿ, ಲೈನಿನ ಹಿರಿಯ ಹೆಂಗಸೊಬ್ಬರನ್ನು ದಿನಗೂಲಿಯ ಮೇಲೆಯೇ ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿ. ಕೂಲಿ ಉಳಿಸಲು ಹನ್ನೊಂದು ವರ್ಷದ ಹುಡುಗಿಯ ಸೊಂಟಕ್ಕೆ ಪುಟ್ಟ ತಮ್ಮನನ್ನು ಏರಿಸಿ ಹೋಗುವಂತಾಗಬಾರದು. ಶಾಲೆ ಮತ್ತೆ ತೆರೆದಾಗ ಮೊದಲು ಬಿಟ್ಟುಹೋಗುವವಳು ಅವಳೇ. ಆ ವಯಸ್ಸಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಕಾನೂನಿಗೂ ವಿರುದ್ಧ. ಶಾಲೆ ಮುಚ್ಚಿದ್ದಾಗ ಅಕ್ಷರ ದಾಸೋಹದ ಧಾನ್ಯವನ್ನೂ ಅಂಗನವಾಡಿಯ ಆಹಾರವನ್ನೂ ಮನೆಗೆ ಕೊಡುವ ವ್ಯವಸ್ಥೆಯಾಗಿದೆಯೇ ಎಂದು ಮುಖ್ಯಶಿಕ್ಷಕರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿ, ಲೈನ್ ಮನೆಗಳಿಗೂ ಆ ಸುದ್ದಿ ಮುಟ್ಟಿಸಿ.

ಹೆಜ್ಜೆ 7: ಅಜ್ಜ, ಅಜ್ಜಿ ಮತ್ತು ಊರಿಗೆ ಮರಳಿದವರು

ಬೆಂಗಳೂರು, ಮೈಸೂರುಗಳಿಂದ ಮಗ, ಸೊಸೆ, ಮೊಮ್ಮಕ್ಕಳು ಊರಿಗೆ ಬಂದಾಗ ಸಂತೋಷ ಮತ್ತು ಸೋಂಕು ಎರಡೂ ಒಂದೇ ಬಾಗಿಲಿನಿಂದ ಬರಬಹುದು. ಆ ಸಮಯದಲ್ಲಿ ಜಾರಿಯಲ್ಲಿರುವ ಕ್ವಾರಂಟೈನ್ ನಿಯಮ ಎಷ್ಟು ದಿನ ಹೇಳುತ್ತದೆಯೋ ಅಷ್ಟು ದಿನ ಬಂದವರು ಪ್ರತ್ಯೇಕ ಕೋಣೆ, ಪ್ರತ್ಯೇಕ ಬಚ್ಚಲು ಬಳಸಬೇಕು. ಮೊಮ್ಮಕ್ಕಳು ಅಂಗಳದಲ್ಲಿ ನಿಂತು, ಅಜ್ಜಿ ಜಗಲಿಯಲ್ಲಿ ಕುಳಿತು ಮಾತನಾಡುವುದಕ್ಕೆ ಅಡ್ಡಿಯಿಲ್ಲ. “ಬಾ ಕಂದಾ” ಎಂದು ಅಜ್ಜಿಯೇ ಕೈಚಾಚಿದಾಗ ಮಗುವನ್ನು ತಡೆಯುವ ಕೆಲಸ ಮಗುವಿನ ಅಮ್ಮನದಾದರೆ ಮನಸ್ತಾಪಕ್ಕೆ ದಾರಿ. ಆದ್ದರಿಂದ ಅಜ್ಜಿಗೆ ಮೊದಲೇ ವಿಷಯ ತಿಳಿಸಿ ಒಪ್ಪಿಸಬೇಕಾದವರು ಅವರ ಮಗ.

ಗಡುವು ಮುಗಿದ ಮೇಲೆ ಹಿರಿಯರ ಬಳಿ ಇರುವುದನ್ನು ಮಕ್ಕಳು ಪಡೆಯಲಿ. ಕಥೆ ಹೇಳಿ ಎಂದರೆ ಕೆಲವರಿಗೆ ಸಂಕೋಚ. ಹಳೆಯ ಫೋಟೊಗಳ ಪೆಟ್ಟಿಗೆ ತೆರೆದು “ಇವರು ಯಾರು?” ಎಂದು ಮಗು ಕೇಳಿದರೆ ಮಾತು ತಾನಾಗಿ ಬರುತ್ತದೆ. ಫೋಟೊದ ಹಿಂಬದಿಯಲ್ಲಿ ಹೆಸರು ಮತ್ತು ಊರನ್ನು ಪೆನ್ಸಿಲಿನಿಂದ ಬರೆದಿಡುವ ಕೆಲಸವನ್ನು ಮಗುವಿಗೆ ಕೊಡಿ.

ಹೆಜ್ಜೆ 8: ಜಗಳಕ್ಕೆ ನಿಯಮ, ಕೋಪಕ್ಕೆ ದಾರಿ

ಮಕ್ಕಳು ಜಗಳವಾಡುತ್ತಾರೆ. ಯಾರು ಮೊದಲು ಆರಂಭಿಸಿದರು ಎಂಬ ವಿಚಾರಣೆಗೆ ಇಳಿಯದೆ ಇಬ್ಬರನ್ನೂ ಸ್ವಲ್ಪ ಹೊತ್ತು ಬೇರೆ ಬೇರೆ ಕೆಲಸಕ್ಕೆ ಕಳಿಸುವುದು ಬಹುತೇಕ ಸಾಕು. ಹೊಡೆತದಿಂದ ಸದ್ದು ನಿಲ್ಲುತ್ತದೆ, ಜಗಳ ಉಳಿಯುತ್ತದೆ. ಹದಿಹರೆಯದವರ ವಿಷಯ ಬೇರೆ. ಅವರಿಗೆ ಗೆಳೆಯರೇ ಪ್ರಪಂಚ, ಅದನ್ನು ಕಳೆದುಕೊಂಡ ದುಃಖವನ್ನು ಸೋಮಾರಿತನವೆಂದು ಕರೆಯಬೇಡಿ. ದಿನಕ್ಕೆ ಅರ್ಧ ಗಂಟೆ ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಗೆಳೆಯರೊಡನೆ ಫೋನಿನಲ್ಲಿ ಮಾತನಾಡಲು ಬಿಡಿ. ಅದರ ಬದಲಿಗೆ ರಾತ್ರಿ ಮಲಗುವಾಗ ಫೋನ್ ಹಿರಿಯರ ಕೋಣೆಯಲ್ಲಿ ಚಾರ್ಜಿಗೆ ಇರಬೇಕೆಂಬ ನಿಯಮಕ್ಕೆ ಅವರನ್ನು ಒಪ್ಪಿಸಿ. ಹಿರಿಯರ ಫೋನಿಗೂ ಅದೇ ನಿಯಮ ಅನ್ವಯವಾದರೆ ಒಪ್ಪುವುದು ಬೇಗ.

ಹಿರಿಯರ ಕೋಪದ ಮಾತನ್ನೂ ಇಲ್ಲಿ ಆಡಬೇಕು. ಬೆಳೆಗೆ ಬೆಲೆಯಿಲ್ಲ, ಸಂಬಳ ನಿಂತಿದೆ, ಸಂಜೆಯಾದರೆ ಬಾಟಲಿ ತೆರೆಯುತ್ತದೆ ಎಂಬಂಥ ಮನೆಗಳಲ್ಲಿ ಮಕ್ಕಳು ಎಲ್ಲಿಗೂ ಹೋಗಲಾರದೆ ಎಲ್ಲವನ್ನೂ ನೋಡುತ್ತಾರೆ. ಕುಡಿದವರು ಮಕ್ಕಳ ಓದನ್ನು ವಿಚಾರಿಸಬಾರದು ಎಂಬ ಒಂದೇ ನಿಯಮವನ್ನು ಮನೆಯವರು ಗಟ್ಟಿಯಾಗಿ ಹಿಡಿದರೂ ಎಷ್ಟೋ ಹೊಡೆತಗಳು ತಪ್ಪುತ್ತವೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ, ಬಾಲ್ಯವಿವಾಹದ ಮಾತುಕತೆ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಹೆಣ್ಣುಮಕ್ಕಳ ನೆರವಿಗೆ 181, ತುರ್ತಿಗೆ 112 ಇವೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಊಟ ಬಿಡುವುದು, ಯಾರೊಂದಿಗೂ ಮಾತನಾಡದಿರುವುದು ಇವು ಎರಡು ವಾರ ಮೀರಿ ಉಳಿದರೆ ವೈದ್ಯರಿಗೆ ತೋರಿಸಿ. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಬಹುದು. ಸಾಯುವ ಮಾತನ್ನು ಮಗು ಆಡಿದರೆ ಮಾತ್ರ ಎರಡು ವಾರ ಕಾಯದೆ ಅದೇ ದಿನ ಕರೆ ಮಾಡಿ.

ಹೆಜ್ಜೆ 9: ಆರೋಗ್ಯದ ಕೆಲವು ಮಾತು

ಸಾಬೂನಿನಿಂದ 20 ಸೆಕೆಂಡ್ ಕೈ ತೊಳೆಯುವುದು ಎಲ್ಲರಿಗೂ ಗೊತ್ತು. ಕೋವಿಡ್ ಕಾಲದ ಮಾರ್ಗಸೂಚಿಯಂತೆ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯವಾಗಿರಲಿಲ್ಲ. ಹಸುಗೂಸುಗಳ ಲಸಿಕೆಯನ್ನು ಲಾಕ್‌ಡೌನ್ ನೆಪದಲ್ಲಿ ತಪ್ಪಿಸಬೇಡಿ, ತಾಯಿ ಕಾರ್ಡ್ ನೋಡಿ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಉಸಿರಾಟ ವೇಗವಾಗಿ ಪಕ್ಕೆಲುಬು ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಏನನ್ನೂ ಕುಡಿಯದಿದ್ದರೆ, ಮೈಮರೆತು ಮಲಗಿದ್ದರೆ ಫೋನಿನ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಕರೆ ಮಾಡಿ. ನಿಮ್ಮ ಮನೆಯ ದಾರಿಗೆ ಆಂಬುಲೆನ್ಸ್ ಇಳಿಯುವುದಿಲ್ಲವಾದರೆ ಜೀಪ್ ಇರುವ ನೆರೆಯವರೊಡನೆ ಮುಂಚೆಯೇ ಮಾತನಾಡಿಟ್ಟುಕೊಳ್ಳಿ.

ಹೆಜ್ಜೆ 10: ಶಾಲೆ ತೆರೆಯುವ ಸುದ್ದಿ ಬಂದ ಮೇಲೆ

ಸುದ್ದಿ ಬಂದ ದಿನದಿಂದಲೇ ಏಳುವ ಹೊತ್ತನ್ನು ದಿನಕ್ಕೆ ಹತ್ತು, ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಸಮವಸ್ತ್ರ, ಚಪ್ಪಲಿಗಳನ್ನು ಹಾಕಿಸಿ ನೋಡಿ, ಒಂದೂವರೆ ವರ್ಷದಲ್ಲಿ ಮಕ್ಕಳ ಪಾದ ಎರಡು ಅಳತೆ ದಾಟಿರಬಹುದು. ಬಸ್ಸಿನ ಹೊತ್ತು ಬದಲಾಗಿದೆಯೇ, ಕತ್ತಲಾಗುವ ಮೊದಲು ಮಗು ತೋಟದ ದಾರಿ ದಾಟಿ ಮನೆ ಮುಟ್ಟುತ್ತದೆಯೇ ಎಂದು ವಿಚಾರಿಸಿ. ಹಿಂದಿನ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪುಟ ಓದಿಸಿ, ಹಿಂದಿನ ತರಗತಿಯ ನಾಲ್ಕು ಲೆಕ್ಕ ಕೊಟ್ಟು ನೋಡಿ. ಎಲ್ಲಿ ತಡವರಿಸಿತು ಎಂಬುದನ್ನು ಮಗುವಿನ ಮುಂದೆ ಆಡಿ ತೋರಿಸದೆ, ಒಂದು ಚೀಟಿಯಲ್ಲಿ ಬರೆದು ಮೊದಲ ದಿನವೇ ತರಗತಿಯ ಶಿಕ್ಷಕರ ಕೈಗೆ ಕೊಡಿ.